ತಗಡು ದೋಣಿಗೊಂದು ಮೋಟಾರು

ಫೆಬ್ರವರಿ 18

ಬರಿ ಅಂದಿದ್ದಾಳೆ, ಬರೆಯುತ್ತಿದ್ದೇನೆ. ಹದಿಮೂರಕ್ಕೆ ಸ್ಕೂಲು ಬಿಟ್ಟು ಮೀನು ಸೀಳುವ ಶೆಡ್ಡು ಸೇರಿದವಳು ನಾನು. ಅಲ್ಲಿಂದ ಇಲ್ಲಿಯವರೆಗೆ ಅಂಗಡಿ ಚೀಟಿಗಿಂತ ಉದ್ದದ್ದನ್ನು ಯಾರೂ ನನ್ನ ಕೈಲಿ ಬರೆಸಿರಲಿಲ್ಲ, ಅದರಿಂದ ಲೋಕವೇನೂ ಮುಳುಗಿರಲಿಲ್ಲ. ಈಗ ಎಪ್ಪತ್ತಮೂರರಲ್ಲಿ ಕಾಪಿ ಬರೆಯುವ ಯೋಗ.

ಬರೆಸುತ್ತಿರುವವಳು ಟ್ಯಾಮ್ಸಿನ್. ಪಕ್ಕದ ಪೇಟೆ ಕಡೀನಾದ ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಹೇಳಿಕೊಡುವ ಹುಡುಗಿ.

"ಯೂನಾ, ನಿಮ್ಮ ಬಲಗೈಗೆ ಬರವಣಿಗೇನೇ ಔಷಧಿ. ದಿನಾ ಹತ್ತು ಸಾಲು. ಮನಸ್ಸಿಗೆ ಬಂದದ್ದು ಬರೀರಿ, ಯಾರೂ ಓದಲ್ಲ."

"ಯಾರೂ ಓದಲ್ಲ ಅಂದ್ಮೇಲೆ ಬರೆಯೋದ್ಯಾಕೆ?"

"ಕೈಗೋಸ್ಕರ."

ಆಯಿತಮ್ಮಾ. ಕೈಯೇ, ಓದಿಕೋ. ಡಿಸೆಂಬರಿನಲ್ಲಿ ನಿನಗೆ ಸಣ್ಣ ಪಾರ್ಶ್ವವಾಯು ಬಡಿಯಿತು. ಸಣ್ಣದು ಅಂದದ್ದು ಡಾಕ್ಟರು, ಬಡಿಸಿಕೊಂಡದ್ದು ನಾನು. ಅಕ್ಷರಗಳು ಏಡಿ ನಡೆದ ಹಾಗೆ ಓರೆಯಾಗಿ ಹೋಗುತ್ತಿವೆ. ಹತ್ತು ಸಾಲು ಆಗಿರಬೇಕು. ಆಗದಿದ್ದರೂ ಆಯಿತು.

ಫೆಬ್ರವರಿ 20

ದೋಣಿಯ ಬಗ್ಗೆ ಬರೆಯುತ್ತೇನೆ. ಉಳಿದದ್ದು ಬರೆಯಲು ಯೋಗ್ಯವಲ್ಲ.

ನನ್ನ ದೋಣಿ ಅಲ್ಯೂಮಿನಿಯಂದು. ಇಲ್ಲಿ ಎಲ್ಲರೂ ಅದಕ್ಕೆ ತಗಡು ಅನ್ನುತ್ತಾರೆ. ಈಗ ಅದು ನನ್ನ ಅಂಗಳದಲ್ಲಿ ಟ್ರೇಲರಿನ ಮೇಲೆ ಕೂತಿದೆ. ಎಂಜಿನ್ ತೂಗುವ ಹಿಂಗೋಡೆ ಒದೆ ತಿಂದ ಡಬ್ಬದ ಹಾಗೆ ಒಳಕ್ಕೆ ಹೋಗಿದೆ. ಹಾಗೆ ಮಾಡಿದವನು ಮರ್ಟ್ ರೋಡ್ಡಾ.

ಮರ್ಟ್ ನಮ್ಮೂರಿನ ಟ್ರ್ಯಾಕ್ಟರಿನವನು. ನಮ್ಮ ದಡದಲ್ಲಿ ದೋಣಿ ಇಳಿಸಲು ಕಟ್ಟೆ ಇಲ್ಲ, ಬರೀ ಮರಳು. ಮರ್ಟ್ ತನ್ನ ತುಕ್ಕು ಹಿಡಿದ ಟ್ರ್ಯಾಕ್ಟರಿನಿಂದ ಟ್ರೇಲರನ್ನು ನೀರಿಗೆ ನೂಕುತ್ತಾನೆ. ವಾಪಸ್ಸು ಬಂದವರು ಅವನ ಸೀಟಿನ ಹಿಂದೆ ತೂಗುವ ಬಕೆಟ್ಟಿಗೆ ಎರಡು ಮೀನು ಹಾಕಬೇಕು. ಅದೇ ಕೂಲಿ. ತಾನು ಇಳಿಸಿದ ಕೊನೆಯ ದೋಣಿ ಮರಳುವ ತನಕ ಅವನು ದಡ ಬಿಟ್ಟು ಏಳುವಂತಿಲ್ಲ. ಅದೂ ಪದ್ಧತಿ. ಇಷ್ಟು ವರ್ಷ ಊರಿನ ದೋಣಿಗಳನ್ನೆಲ್ಲ ಇಳಿಸಿದವನು ತಾನು ಮಾತ್ರ ಒಂದು ದಿನವೂ ದೋಣಿ ಹತ್ತಿಲ್ಲ. ಮದುವೆ ಮಾಡಿಸುವ ಪಾದ್ರಿಯ ಹಾಗೆ.

ಡಿಸೆಂಬರಿನಲ್ಲಿ ನನಗೆ ಬಡಿದದ್ದು ನೀರಿನ ಮೇಲಿದ್ದಾಗ. ದೋಣಿ ತೇಲಿಕೊಂಡು ಜೆಟ್ಟಿಯ ಕಂಬಗಳ ಕಡೆಗೆ ಬಂತಂತೆ. ಈ ಮಹಾಶಯ ಟ್ರ್ಯಾಕ್ಟರನ್ನು ನೇರ ಸಮುದ್ರಕ್ಕೆ ನುಗ್ಗಿಸಿ, ನನ್ನ ದೋಣಿಯ ಹಿಂಬದಿಗೆ ಗುದ್ದಿ, ಅಲ್ಲೇ ಒತ್ತಿ ಹಿಡಿದುಕೊಂಡ. ನನ್ನ ಎಂಜಿನ್ ಕಳಚಿ ನೀರಿಗೆ ಬಿತ್ತು. ಟ್ರ್ಯಾಕ್ಟರಿನ ಹೊಟ್ಟೆಗೂ ಉಪ್ಪುನೀರು ಹೋಯಿತು, ಅದು ಅವನ ಹಣೆಬರಹ. ಊರೆಲ್ಲ ಅವನ ಬೆನ್ನು ತಟ್ಟಿತು. ನನ್ನ ದೋಣಿಯ ಬೆನ್ನು ನೋಡಿದವರು ಯಾರೂ ಇಲ್ಲ.

ಫೆಬ್ರವರಿ 21

ಕೈ ನೋವು. ಮರ್ಟ್ ಬೇಲಿಯ ಮೇಲೆ ಮೂರು ಕಾಣೆ ಮೀನು ಇಟ್ಟು ಹೋಗಿದ್ದಾನೆ. ಸೀಳಿದ್ದು ನೋಡಿದರೆ ಕೊಡಲಿಯಿಂದ ಸೀಳಿದ ಹಾಗಿದೆ. ತಿಂದೆ.

ಫೆಬ್ರವರಿ 26

ದಡದ ಸಮಿತಿಯವರು ಬಂದಿದ್ದರು. ಮರಳಿನ ಮೇಲೆ ದೋಣಿ ನಿಲ್ಲಿಸಲು ನನಗೊಂದು ಜಾಗವಿದೆ, ಮೊದಲು ನನ್ನಪ್ಪನದಾಗಿತ್ತು. ಬೇಸಿಗೆಯ ಸಾಲು ಮುಗಿಯುವುದರೊಳಗೆ, ಅಂದರೆ ಏಪ್ರಿಲ್ ಮೂವತ್ತರೊಳಗೆ, ಒಂದು ಸಲವೂ ನೀರಿಗಿಳಿಯದ ದೋಣಿಯ ಜಾಗ ಬೇರೆಯವರ ಪಾಲು. ನಿಯಮ ಅಂದರೆ ನಿಯಮ, ಯೂನಾ, ಅಂದರು. ಕಾಯುವವರಲ್ಲಿ ಮೊದಲನೆಯವನು ಅಡಿಲೇಡಿನ ಹಲ್ಲಿನ ಡಾಕ್ಟರು. ಅವನ ದೋಣಿಯಲ್ಲಿ ಐಸ್ ಮಾಡುವ ಯಂತ್ರ ಇದೆಯಂತೆ. ಮೀನಿಗಲ್ಲ, ಗ್ಲಾಸಿಗೆ.

ನನ್ನ ಡಾಕ್ಟರದ್ದು ಇನ್ನೊಂದು ನಿಯಮ. ಈ ವರ್ಷ ಜೊತೆಗೊಬ್ಬರಿಲ್ಲದೆ ನೀರಿಗಿಳಿಯಬಾರದು. ಡಾಕ್ಟರು ದಡದಲ್ಲಿ ನಿಂತು ಎಣಿಸುವುದಿಲ್ಲವಲ್ಲ.

ದೋಣಿ ರಿಪೇರಿ ನಾನೇ ಮಾಡುತ್ತೇನೆ.

ಫೆಬ್ರವರಿ 28

ಕೊಳವೆ ಹಿಡಿದು ದೋಣಿಯ ತುಂಬ ನೀರು ಬಿಟ್ಟೆ. ಸೋರುವುದೆಲ್ಲಿ ಅಂತ ತಿಳಿಯಲು ಇದೇ ದಾರಿ. ಒಳಗಿನ ನೀರು ಎಲ್ಲಿಂದ ಹೊರಗೆ ತೊಟ್ಟಿಕ್ಕುತ್ತದೋ ಅಲ್ಲಿ ಗುರುತು ಹಾಕಬೇಕು. ನಾನು ಟ್ರೇಲರಿನ ಕೆಳಗೆ ಬೆನ್ನ ಮೇಲೆ ಮಲಗಿ ಬಳಪದಿಂದ ಗುರುತು ಹಾಕುತ್ತಿದ್ದೆ. ಆಮೇಲೆ ಏಳಲು ಆಗಲಿಲ್ಲ. ಬಲಗೈ ಊರಿದರೆ ಜಾರುತ್ತದೆ. ತಗಡು ಜೋಡಿಸಿದ ಒಂದೊಂದು ರಿವೆಟ್ಟಿನಿಂದಲೂ ನನ್ನ ಮುಖಕ್ಕೆ ನೀರು.

ಒಂದು ಜೊತೆ ದೊಡ್ಡ ಬೂಟುಗಳು ಬಂದು ನಿಂತವು.

"ಯೂನಾ, ಕೆಳಗೇನ್ ಮಾಡ್ತಿದ್ದೀಯ?"

"ಸ್ನಾನ."

"ಎತ್ತಲಾ?"

"ನಾನ್ ಕೇಳಿದ್ನಾ?"

ಕೇಳಿರಲಿಲ್ಲ. ಎತ್ತಿದ. ಮೀನಿನ ಚೀಲ ಎತ್ತುವ ಹಾಗೆ ಎತ್ತಿ ನಿಲ್ಲಿಸಿ, ತಾನು ಕೆಳಗೆ ನುಸುಳಿದ. ಹೊಟ್ಟೆ ಸಿಕ್ಕಿಕೊಂಡಿತು. ಅವನನ್ನು ಎಳೆದು ತೆಗೆಯಲು ನನಗೆ ಇನ್ನೂ ಹೆಚ್ಚು ಹೊತ್ತು ಬೇಕಾಯಿತು.

ಮಾರ್ಚ್ 5

ರಿವೆಟ್ ಹೊಡೆಯುವುದು ಒಬ್ಬರ ಕೆಲಸವಲ್ಲ. ಹೊರಗಿನವರು ಸುತ್ತಿಗೆಯಿಂದ ಬಡಿಯಬೇಕು, ಒಳಗಿನವರು ಕಬ್ಬಿಣದ ಗಟ್ಟಿಯನ್ನು ರಿವೆಟ್ಟಿನ ಬಾಲಕ್ಕೆ ಆನಿಸಿ ಹಿಡಿಯಬೇಕು. ಹಾಗಾಗಿ ಮರ್ಟ್‌ನನ್ನು ಕರೆಯಬೇಕಾಯಿತು. ಕೆಡಿಸಿದವನೇ ಸರಿಮಾಡಲಿ.

ಸುತ್ತಿಗೆ ಅವನಿಗೆ, ಗಟ್ಟಿ ನನಗೆ, ಎಡಗೈಯಲ್ಲಿ. ತಗಡಿನ ಒಳಗೆ ಕೂತು ಆ ಶಬ್ದ ಕೇಳಿದರೆ ಸತ್ತವರೂ ಎದ್ದು ಬೇರೆ ಊರಿಗೆ ಹೋಗುತ್ತಾರೆ.

"ಹಿಡ್ಕೊಂಡಿದ್ದೀಯಾ?"

"ಹಿಡ್ಕೊಂಡಿದ್ದೀನಿ, ಹೊಡಿ."

"ಬೆರಳು ಪಕ್ಕಕ್ಕಿಡು."

"ಮರ್ಟ್, ನೀನ್ ಹುಟ್ಟೋಕ್ ಮುಂಚೆ ನಾನು ರಿವೆಟ್ ಹಿಡೀತಿದ್ದೆ."

"ನನಗಿಂತ ನೀನು ಎರಡು ವರ್ಷಕ್ಕೆ ದೊಡ್ಡವಳು."

"ಎರಡ್ನೇ ವರ್ಷದಲ್ಲೇ ಹಿಡೀತಿದ್ದೆ."

ಮಧ್ಯಾಹ್ನ ಮಾಂಸ ತುಂಬಿದ ಕಡುಬು, ಪ್ಯಾಸ್ಟಿ, ಬಿಸಿ ಮಾಡಿದ್ದೆ, ಎರಡು. ಎರಡು ಯಾಕೆ ಅಂದರೆ ಪೊಟ್ಟಣದಲ್ಲಿ ಎರಡೇ ಇರುವುದು.

ಮಾರ್ಚ್ 11

ಎಂಜಿನ್ ನೋಡಲು ಕಡೀನಾಕ್ಕೆ. ನನಗೆ ಕಾರು ಓಡಿಸಲು ಬಿಟ್ಟಿಲ್ಲ, ಮರ್ಟ್‌ನ ಪಿಕಪ್‌ನಲ್ಲಿ ಹೋದೆ. ದಾರಿಯುದ್ದಕ್ಕೂ ಹಳ್ಳಿಗಾಡಿನ ಹಾಡು ಹಾಕಿದ್ದ. ಎಲ್ಲ ಹಾಡಿನಲ್ಲೂ ಯಾರದೋ ನಾಯಿ ಸಾಯುತ್ತದೆ.

ನನಗೆ ಬೇಕಾದದ್ದು ಹತ್ತು ಎಚ್.ಪಿ.ಯದು, ಹಗುರದ್ದು, ಹಗ್ಗ ಎಳೆದು ಶುರುಮಾಡುವಂಥದ್ದು. ನಾನೊಬ್ಬಳು, ಒಂದು ಡಬ್ಬ ಹುಳು, ಒಂದು ಫ್ಲಾಸ್ಕು. ಅಷ್ಟು ಹೊರಲು ಹತ್ತು ಕುದುರೆ ಸಾಕು. ಅಂಗಡಿಯವನು ಮೊದಲು ಇಪ್ಪತ್ತೈದರದ್ದು ತೋರಿಸಿದ. ಹಳೆಯದು, ಅಗ್ಗ, ರಾಕ್ಷಸ ಶಕ್ತಿ. ನನ್ನ ದೋಣಿಯ ಫಲಕದ ಮೇಲೆ ಹದಿನೈದಕ್ಕಿಂತ ಹೆಚ್ಚು ಬೇಡ ಅಂತ ಅಚ್ಚೊತ್ತಿದೆ ಅಂದೆ. ಅದೆಲ್ಲ ಯಾರು ನೋಡ್ತಾರೆ ಅಂದ. ಹಿಂಗೋಡೆ ಕಿತ್ತು ಬರುವಾಗ ನಾನು ನೋಡುತ್ತೇನೆ ಅಂದೆ. ಆಮೇಲೆ ಉದ್ದ ಕಾಲಿನದೊಂದು ತಂದ, ಕಾಲು ಅಂದರೆ ನೀರಿಗಿಳಿಯುವ ದಂಡ. ನಮ್ಮ ದಡದಲ್ಲಿ ಅರ್ಧ ಮೈಲಿ ಮೊಣಕಾಲು ನೀರು. ಉದ್ದ ಕಾಲಿನ ಎಂಜಿನ್ ಮರಳು ಉಳುತ್ತದೆ, ಆಲೂಗಡ್ಡೆ ಹಾಕಬಹುದು. ಗಿಡ್ಡ ಕಾಲಿನದು ತೆಗಿ ಅಂದೆ.

ಕೊನೆಗೆ ಹತ್ತರದ್ದನ್ನು ನೀರಿನ ತೊಟ್ಟಿಗೆ ಕಟ್ಟಿ ಕೊಟ್ಟ. ಹಗ್ಗ ಎಳೆದೆ. ಅರ್ಧಕ್ಕೆ ಬೆರಳು ಬಿಚ್ಚಿಕೊಂಡವು. ಇನ್ನೊಮ್ಮೆ. ಇನ್ನೊಮ್ಮೆ. ಅಂಗಡಿಯವನು ಗೋಡೆಯ ಕ್ಯಾಲೆಂಡರು ನೋಡತೊಡಗಿದ.

"ಈ ಎಂಜಿನ್ ಕೆಟ್ಟಿದೆ," ಅಂದೆ.

ಮರ್ಟ್ ಪಕ್ಕದಿಂದ ಬಂದು ಒಂದು ಸಲ ಎಳೆದ. ಗುರ್ ಅಂತು. ಆ ಕ್ಷಣ ಅವನ ಕುತ್ತಿಗೆಗೇ ಆ ಹಗ್ಗ ಸುತ್ತುವ ಮನಸ್ಸಾಯಿತು.

"ಗುಂಡಿ ಒತ್ತಿದ್ರೆ ಶುರುವಾಗೋದೂ ಬರುತ್ತೆ," ಅಂದ ಅಂಗಡಿಯವನು, ಕ್ಯಾಲೆಂಡರಿಗೆ.

ಗುಂಡಿ ಒತ್ತುವುದು ಲಿಫ್ಟಿಗೆ. ಏನೂ ಕೊಳ್ಳದೆ ಬಂದೆ.

ಮಾರ್ಚ್ 19

ಇವತ್ತು ಹತ್ತು ಸಾಲಿಗೆ ನಿಲ್ಲುವುದಿಲ್ಲ.

ನಿನ್ನೆ ನಾನು ಟ್ಯಾಮ್ಸಿನ್ ಹತ್ತಿರ ಹೋಗಿದ್ದಾಗ ಮರ್ಟ್ ನನ್ನನ್ನು ಅಲ್ಲಿ ಬಿಟ್ಟು ವಾಪಸ್ಸು ಬಂದು ನನಗೊಂದು ಖುಷಿ ಕೊಡಲು ಹೊರಟಿದ್ದಾನೆ. ಇವತ್ತು ಬೆಳಕಿನಲ್ಲಿ ನೋಡಿದೆ. ದೋಣಿಯ ಅಡಿ ಪೂರ್ತಿ ಕೆಂಪು. ಹೊಸ ಹಿಂಗೋಡೆ, ಹೊಸ ರಿವೆಟ್ಟು, ಎಲ್ಲದರ ಮೇಲೂ ದಪ್ಪಗೆ ಎರಡು ಕೋಟು. ಅವನು ಬ್ರಷ್ ಹಿಡಿದು ನಗುತ್ತಾ ನಿಂತಿದ್ದ, ಮೂಗಿನ ಮೇಲೂ ಕೆಂಪು.

"ಇದ್ಯಾವ ಬಣ್ಣ?"

"ನಮ್ ಅಣ್ಣನ ಫೈಬರ್ ದೋಣಿಗೆ ತಂದಿದ್ದು ಮಿಕ್ಕಿತ್ತು. ಚಿಪ್ಪು ಗಿಪ್ಪು ಏನೂ ಅಂಟಲ್ಲ ಇದಕ್ಕೆ. ಭಾರೀ ಒಳ್ಳೇದು."

"ಇದರಲ್ಲಿ ಏನಿದೆ ಗೊತ್ತಾ?"

ಡಬ್ಬ ತಿರುಗಿಸಿ ಓದಿದ. ಓದುತ್ತಾ ಓದುತ್ತಾ ನಗು ಇಳಿಯಿತು.

"ತಾಮ್ರ," ಅಂದ.

ತಾಮ್ರ. ಅಲ್ಯೂಮಿನಿಯಂ ಮೇಲೆ ತಾಮ್ರ ಕೂತು, ಉಪ್ಪುನೀರು ಸೇರಿದರೆ ತಗಡನ್ನು ಗೆದ್ದಲಿನ ಹಾಗೆ ತಿನ್ನುತ್ತದೆ. ಒಂದು ಬೇಸಿಗೆಯಲ್ಲಿ ಜರಡಿ. ಈ ಸೀಮೆಗೆ ತಾಮ್ರದ ಗಣಿ ತೋಡಲು ಕಾರ್ನ್‌ವಾಲಿನಿಂದ ಹಡಗು ಹತ್ತಿ ಬಂದವರು ನಮ್ಮ ಮುತ್ತಜ್ಜಂದಿರು. ಅವರಲ್ಲಿ ಮರ್ಟ್‌ನ ಮನೆತನದ ರೋಡ್ಡಾಗಳೂ ಇದ್ದರು, ಮೂರು ತಲೆಮಾರು ನೆಲದಡಿಯಲ್ಲೇ ಬಾಳಿದರು. ಊರಿನ ಬೀದಿಗೂ ತಾಮ್ರದ ಹೆಸರು, ಹೋಟೆಲ್ಲಿಗೂ ತಾಮ್ರದ ಹೆಸರು. ಇಷ್ಟೆಲ್ಲ ಆಗಿ ರೋಡ್ಡಾ ವಂಶದ ಕುಡಿ ತಾಮ್ರವನ್ನು ಡಬ್ಬದಲ್ಲಿ ತಂದು ನನ್ನ ತಗಡಿಗೆ ಬಳಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ನನಗೆ ಗೊತ್ತಿರುವ ಬೈಗುಳಗಳನ್ನೆಲ್ಲ ಬೈದೆ. ಗೊತ್ತಿಲ್ಲದವನ್ನು ಅಲ್ಲೇ ಕಟ್ಟಿದೆ. ಅವನು ಬ್ರಷ್ ಕೆಳಗಿಟ್ಟು, ಮನೆಗೆ ಹೋಗಿ, ಎರಡು ಕೆರೆಯುವ ಪಟ್ಟಿ ತಂದ.

"ಎರಡ್ಯಾಕೆ?"

"ಒಂದು ನಂಗೆ. ಇನ್ನೊಂದು ನೀನು ನನ್ ಮೇಲೆ ಎಸೆಯಕ್ಕೆ."

ಮಾರ್ಚ್ 20

ಕೆರೆದೆವು.

ಮಾರ್ಚ್ 21

ಕೆರೆದೆವು.

ಮಾರ್ಚ್ 26

ಬಣ್ಣ ಇಳಿದಿದೆ. ಮೂಲೆಗಳಲ್ಲಿ ಇನ್ನೂ ಕೆಂಪು, ಹಲ್ಲಿನ ಸಂದಿಯಲ್ಲಿ ಉಳಿದ ಬೀಟ್‌ರೂಟಿನ ಹಾಗೆ. ಕೆರೆಯುವಾಗ ಬೇರೆ ಕೆಲಸವಿಲ್ಲದ ಬಾಯಿ ಮಾತಾಡುತ್ತದೆ. ಅವನದು, ನನ್ನದಲ್ಲ.

"ಅಲ್ಲಿಂದ ನಮ್ಮೂರು ಹೇಗ್ ಕಾಣುತ್ತೆ, ಯೂನಾ?"

"ಎಲ್ಲಿಂದ?"

"ನೀರಿಂದ."

"ಸಣ್ಣದಾಗಿ."

ಸ್ವಲ್ಪ ಹೊತ್ತು ಕೆರೆದ. ಮತ್ತೆ, "ಅಷ್ಟೇನಾ?"

ಗೋಧಿ ತುಂಬುವ ಕಣಜ ಮೊದಲು ಕಾಣುತ್ತೆ, ಆಮೇಲೆ ನಾರ್ಫೋಕ್ ಪೈನ್ ಮರಗಳು, ಆಮೇಲೆ ನಿನ್ನ ಟ್ರ್ಯಾಕ್ಟರು, ಅದು ಕೆಂಪಗಿದೆಯಲ್ಲ, ಅಂದೆ. ಟ್ರ್ಯಾಕ್ಟರ್ ಕಾಣುತ್ತಾ ಅಂತ ಮೂರು ಸಲ ಕೇಳಿದ. ಕಾಣುತ್ತೆ ಅಂದೆನಲ್ಲ, ಕಿವಿ ಕೇಳಲ್ವಾ ಅಂದೆ.

"ಅಷ್ಟು ಆಸೆ ಇದ್ರೆ ಒಂದ್ಸಲ ಹತ್ತಿ ನೋಡ್ಬಾರ್ದಾ?"

"ವಾಂತಿ ಬರುತ್ತೆ. ಜೆಟ್ಟಿ ಮೇಲೆ ನಿಂತ್ರೂ ಬರುತ್ತೆ. ಈಜೂ ಬರಲ್ಲ."

"ಈಜು ಬರಲ್ವಾ? ಮತ್ತೆ ಡಿಸೆಂಬರಲ್ಲಿ?"

"ಟ್ರ್ಯಾಕ್ಟರ್ ಇತ್ತಲ್ಲ."

"ಟ್ರ್ಯಾಕ್ಟರಿಗೆ ಈಜು ಬರುತ್ತಾ?"

"ಅದೂ ಕಲಿತಿಲ್ಲ," ಅಂದ.

ಮಾರ್ಚ್ 27

ಇವತ್ತು ಬರೆಯುವಂಥದ್ದು ಏನೂ ಇಲ್ಲ.

ಏಪ್ರಿಲ್ 2

ಟ್ಯಾಮ್ಸಿನ್ ಕೈ ನೋಡಿ ಹಿಡಿತ ಬರುತ್ತಿದೆ ಅಂದಳು. ಅಕ್ಷರ ನೆಟ್ಟಗಾಗಿವೆಯಂತೆ. ಮುದುಕಿಯೇ ನೆಟ್ಟಗಾಗಿಲ್ಲ, ಅಕ್ಷರ ಆಗಿ ಏನು.

ಬರುವಾಗ ಅಂಗಡಿಯಲ್ಲಿ ಒಂದು ತೇಲುವ ಜಾಕೆಟ್ಟು ಕೊಂಡೆ. ಎಲ್ಲಕ್ಕಿಂತ ದೊಡ್ಡ ಅಳತೆಯದು. ಕಡಿಮೆ ಬೆಲೆಗೆ ಹಾಕಿದ್ದರು. ಅದರೊಳಗೆ ನನ್ನಂಥ ಮೂವರು ಹೋಗಬಹುದು, ಆದರೆ ಅಗ್ಗಕ್ಕೆ ಸಿಕ್ಕಿದ್ದನ್ನು ಬಿಡಬಾರದು. ಮುಂದಿನ ಸೀಟಿನ ಕೆಳಗೆ ಇಟ್ಟಿದ್ದೇನೆ, ಜಾಗ ಖಾಲಿ ಇತ್ತು.

ಏಪ್ರಿಲ್ 10

ಎಂಜಿನ್ ಕೊಂಡೆ.

ಹದಿನೈದು ಎಚ್.ಪಿ., ಗಿಡ್ಡ ಕಾಲು, ಗುಂಡಿ ಒತ್ತಿದರೆ ಶುರು. ಗುಂಡಿಯ ಬಗ್ಗೆ ನಾನು ಹಿಂದೆ ಏನು ಬರೆದಿದ್ದೆನೋ ಅದು ಹತ್ತರ ಎಂಜಿನ್ನಿಗೆ ಅನ್ವಯ. ಹಗ್ಗವೂ ಇದೆ, ಬ್ಯಾಟರಿ ಸತ್ತರೆ ಎಳೆಯಬಹುದು. ಎಳೆಯಬಲ್ಲವರು ಇದ್ದರೆ.

ಅಂಗಡಿಯವನು ಕೇಳಿದ, "ಹತ್ತು ಸಾಕು ಅಂತಿದ್ರಲ್ಲ?"

"ಆವಾಗ ಒಬ್ಳು ಅಂದ್ಕೊಂಡಿದ್ದೆ. ಮುಂದೆ ಒಂದು ಮೂಟೆ ಕೂರಿಸಬೇಕಾಗಬಹುದು. ಆ ಭಾರಕ್ಕೆ ಹತ್ತರದ್ದು ಮೂತಿ ಎತ್ತಲ್ಲ, ನೀರಲ್ಲಿ ಹಂದಿ ಥರ ಹೊರಳಾಡುತ್ತೆ."

"ಎಷ್ಟು ದೊಡ್ಡ ಮೂಟೆ?"

"ಹೊರಗೆ ಪಿಕಪ್‌ನಲ್ಲಿ ಕೂತು ಪ್ಯಾಸ್ಟಿ ತಿಂತಿದೆ, ನೋಡು."

ನೋಡಿದ. "ಹದಿನೈದು ಬೇಕೇ ಬೇಕು," ಅಂದ.

ಬೆಲೆಯ ಬಗ್ಗೆ ಬರೆಯುವುದಿಲ್ಲ. ಕೈಗೆ ಒಳ್ಳೆಯದಲ್ಲ.

ಏಪ್ರಿಲ್ 16

ಬೆಳಿಗ್ಗೆ ಸಮುದ್ರ ಎಣ್ಣೆ ಸವರಿದ ಬಾಣಲೆಯ ಹಾಗೆ ಸಮವಾಗಿತ್ತು. ಟ್ರೇಲರನ್ನು ಟ್ರ್ಯಾಕ್ಟರಿಗೆ ಕಟ್ಟಿ ದಡಕ್ಕೆ ತಂದೆವು. ನೀರಂಚಿಗೆ ಬಂದಾಗ ನಾನು ಜಾಕೆಟ್ಟು ಎತ್ತಿ ಮರ್ಟ್‌ನ ಕಡೆಗೆ ಎಸೆದೆ.

"ಹತ್ತು."

"ಎಲ್ಲಿಗೆ?"

"ಚರ್ಚಿಗೆ. ದೋಣಿಗೆ ಮತ್ತಿನ್ನೆಲ್ಲಿಗೆ."

ಅವನ ಮುಖ ಆಗಲೇ ವಾಂತಿ ಬಂದವನ ಹಾಗಾಯಿತು. "ಯೂನಾ, ನನ್ ಕೈಲಾಗಲ್ಲ ಅಂತ ಹೇಳಿದ್ದೀನಲ್ಲ. ಅಲ್ಲದೆ ನಾನು ದಡದಲ್ಲಿರಬೇಕು. ದೋಣಿ ಇಳಿಸಿದವನು ದಡ ಬಿಡಬಾರ್ದು."

"ಸರಿ. ನನ್ನೊಬ್ಳನ್ನೇ ಇಳಿಸು."

"ಇಳಿಸಲ್ಲ."

"ದೋಣಿ ನಂದು."

"ಟ್ರ್ಯಾಕ್ಟರ್ ನಂದು."

ಆಮೇಲೆ ನಾನು ಏನೇನೋ ಅಂದೆ. ಹಿಂಗೋಡೆಯ ವಿಷಯ, ಕಳಚಿದ ಎಂಜಿನ್ ವಿಷಯ, ಕೆಂಪು ಬಣ್ಣದ ವಿಷಯ. ಗುದ್ದಲು ಬರುತ್ತೆ, ಕೂರಲು ಬರಲ್ವಾ ಅಂದೆ. ಅವನು ಯಾವತ್ತೂ ತಿರುಗಿ ಮಾತಾಡುವವನಲ್ಲ, ಇವತ್ತು ಆಡಿದ.

"ಆವತ್ತು ನೀನು ದೋಣಿ ತಳದಲ್ಲಿ ಬಿದ್ದಿದ್ದೆ. ಒಂದು ಕಣ್ಣು ತೆರೆದಿತ್ತು. ನಂಗೆ ನೀರು ಎದೆವರೆಗೂ ಬಂದಿತ್ತು. ನಿನ್ ಹೆಸರು ಕೂಗ್ತಾ ಇದ್ದೆ, ನೀನು ಬೈಲಿಲ್ಲ. ಅದನ್ನ ಇನ್ನೊಂದ್ಸಲ ದಡದಲ್ಲಿ ಕೂತು ಕಾಯಕ್ಕೆ ನನ್ ಕೈಲಾಗಲ್ಲ."

ದೋಣಿಯನ್ನು ನನ್ನ ಅಂಗಳಕ್ಕೆ ವಾಪಸ್ಸು ತಂದು ಬಿಟ್ಟ. ಟ್ರೇಲರಿನ ಚಕ್ರಕ್ಕೆ ಕಲ್ಲು ಕೊಟ್ಟ. ಹೋದ.

ಏಪ್ರಿಲ್ 18

ಗುಡ್ ಫ್ರೈಡೇ. ಬೇಲಿಯ ಮೇಲೆ ಮೀನಿಲ್ಲ. ಅಂಗಡಿಯ ಮೀನು ತಿಂದೆ. ಚೆನ್ನಾಗಿ ಸೀಳಿದ್ದರು, ಒಂದು ಮುಳ್ಳೂ ಇರಲಿಲ್ಲ. ರುಚಿ ಇರಲಿಲ್ಲ.

ಏಪ್ರಿಲ್ 20

ಬೇರೆ ಜೊತೆ ಸಿಗದು ಅಂತಲ್ಲ. ಕ್ಲಬ್ಬಿನ ಕಾರ್ಯದರ್ಶಿ ಬರುತ್ತೇನೆ ಅಂದ, ಅವನು ಬಾಯಿ ಮುಚ್ಚುವುದು ನಿದ್ದೆಯಲ್ಲಿ ಮಾತ್ರ, ಅದೂ ಗೊರಕೆ ಇಲ್ಲದ ದಿನ. ಬೇಕರಿಯ ಡಾರ್ಸಿ ಬರುತ್ತಾಳಂತೆ, ಅವಳಿಗೆ ಮೀನಿನ ವಾಸನೆ ಆಗದು. ಹಲ್ಲಿನ ಡಾಕ್ಟರೂ ಒಮ್ಮೆ ಕರೆದುಕೊಂಡು ಹೋಗುತ್ತೇನೆ ಅಂತ ಹೇಳಿಕಳಿಸಿದ್ದಾನೆ. ತನ್ನ ದೋಣಿಯಲ್ಲಿ.

ಯಾರನ್ನು ನೆನೆದರೂ ಮುಂದಿನ ಸೀಟಿಗೆ ಸರಿಹೊಂದುವುದಿಲ್ಲ. ಎಂಜಿನ್ ಕೊಂಡಿರುವುದು ಒಂದು ಲೆಕ್ಕದ ಭಾರಕ್ಕೆ. ಹಗುರ ಜನ ಕೂತರೆ ಮೂತಿ ಮೇಲೆದ್ದು ದೋಣಿ ಆಕಾಶ ನೋಡುತ್ತದೆ. ಇದು ವಿಜ್ಞಾನ, ಬೇರೇನೂ ಅಲ್ಲ.

ಮರ್ಟ್ ದಡದಲ್ಲೇ ಇದ್ದಾನೆ, ಈಸ್ಟರಿಗೆ ಬಂದ ಪಟ್ಟಣದವರ ದೋಣಿಗಳನ್ನು ಇಳಿಸುತ್ತಾ. ಎರಡು ಸಲ ಅಲ್ಲಿಯವರೆಗೆ ನಡೆದು ಹೋದೆ, ವ್ಯಾಯಾಮಕ್ಕೆ. ಅವನು ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ, ಅದಕ್ಕೇ ಗೊತ್ತು.

ಏಪ್ರಿಲ್ 22

ಟ್ಯಾಮ್ಸಿನ್‌ಗೆ ಹೇಳಿದೆ, ಪೂರ್ತಿ ಅಲ್ಲ. ಟ್ರ್ಯಾಕ್ಟರಿನವನೇ ದೋಣಿಯಲ್ಲಿದ್ದರೆ ದಡದಲ್ಲಿ ಕಾಯುವವರು ಯಾರು ಎಂಬುದಷ್ಟೇ ಸಮಸ್ಯೆ ಅಂದೆ.

"ನಾನು ಗೋಧಿ ಹೊಲದ ಮನೆಯವಳು ಯೂನಾ. ಒಂಬತ್ತನೇ ವಯಸ್ಸಿಂದ ಟ್ರ್ಯಾಕ್ಟರ್ ಓಡಿಸ್ತಿದ್ದೀನಿ. ಶನಿವಾರ ರಜ. ನಾನ್ ಕಾಯ್ತೀನಿ."

"ಬಕೆಟ್ಟಿಗೆ ಎರಡೇ ಮೀನು ಸಿಗೋದು."

"ಅವರಿಗೆ ಹೋಗಿ ಹೇಳಿ."

ಹೇಳಲು ಬಾಯಿ ಇದೆ. ಆದರೆ ನನ್ನ ಬಾಯಿ ಹೋದ ವಾರ ಏನು ಮಾಡಿತು ಅಂತ ಗೊತ್ತಲ್ಲ. ಅದಕ್ಕೆ ಬರೆದೆ. ಡಿಸೆಂಬರಿನ ವಿಷಯ ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ, ಅಕ್ಷರ ಸರಿಯಾಗಿ ಬರಲಿಲ್ಲ. ಉಳಿದದ್ದನ್ನು ಇಲ್ಲಿ ಮೊದಲು ಬರೆದು, ಆಮೇಲೆ ಬೇರೆ ಹಾಳೆಗೆ ಇಳಿಸಿ, ಟ್ರ್ಯಾಕ್ಟರಿನ ಸೀಟಿಗೆ ಅಂಟಿಸುತ್ತೇನೆ.

ಮರ್ಟ್,

ಶನಿವಾರ ಬೆಳಿಗ್ಗೆ ಗಾಳಿ ಏಳುವ ಮೊದಲು ದೋಣಿ ಇಳಿಯುತ್ತದೆ. ಟ್ರ್ಯಾಕ್ಟರು ಟ್ಯಾಮ್ಸಿನ್ ಓಡಿಸುತ್ತಾಳೆ, ನಾವು ಮರಳುವ ತನಕ ಅವಳು ದಡ ಬಿಡುವುದಿಲ್ಲ, ಅವಳ ಕೈಲಿ ಆಣೆ ಹಾಕಿಸಿದ್ದೇನೆ. ಹಾಗಾಗಿ ಆ ನೆಪ ಬೇಡ. ನಾವು ಹೋಗುವುದು ಜೆಟ್ಟಿಯ ಉತ್ತರದ ಮರಳು ದಿಬ್ಬಕ್ಕೆ, ಅದರ ಆಚೆಗಲ್ಲ. ಅಲ್ಲಿ ನೀರು ನಿನ್ನ ಸೊಂಟಕ್ಕೆ ಬರುತ್ತದೆ, ನಿನ್ನೆ ಇಳಿತದ ಹೊತ್ತಿಗೆ ನಾನೇ ನಡೆದು ಹೋಗಿ ಕೋಲು ಊರಿ ನೋಡಿದ್ದೇನೆ. ಸಾಕು ಅನ್ನಿಸಿದರೆ ಎದ್ದು ನಡೆದುಕೊಂಡು ಮನೆಗೆ ಹೋಗಬಹುದು. ಅಲ್ಲಿ ಒಂದು ಮೀನೂ ಸಿಗುವುದಿಲ್ಲ ಅಂತ ನನಗೂ ಗೊತ್ತು, ಊರಿಗೂ ಗೊತ್ತು, ನಗುವವರು ನಗಲಿ. ಶುಂಠಿ ಬಿಸ್ಕತ್ತು ತಂದಿದ್ದೇನೆ. ವಾಂತಿ ತಡೆಯುವ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲು ನುಂಗಬೇಕು, ಪೊಟ್ಟಣ ಇದರ ಜೊತೆಗಿದೆ. ಹಾಗೂ ಬಂದರೆ ಬಲಗಡೆಗೆ ಮಾಡು, ಎಡಗಡೆ ನಾನು ಕೂತಿರುತ್ತೇನೆ.

ನೀನು ಬರದಿದ್ದರೆ ನಾನು ಇಳಿಯುವುದಿಲ್ಲ. ಜಾಗ ಹಲ್ಲಿನ ಡಾಕ್ಟರಿಗೆ ಹೋಗಲಿ.

ಬರುತ್ತೀಯೋ ಇಲ್ಲವೋ, ಗುರುವಾರ ಇಪ್ಪತ್ತನಾಲ್ಕನೇ ತಾರೀಖಿನೊಳಗೆ ಹೇಳು.

ಯೂನಾ ಟ್ರೆಜೈಸ್